ಕೋಟೇಶ್ವರನ ಮಗ

ನಮ್ಮ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ಸುಧಾರಣೆ ಶುರುವಾಗಿದೆ ಅಂತ ಬಾಗಿಲಲ್ಲೇ ಗೊತ್ತಾಯ್ತು. ಹಳೇ ಫೈಲಿನ ಮುಗ್ಗಲು ವಾಸನೆ ಹೋಗಿ ಹೊಸ ಬಣ್ಣದ ವಾಸನೆ ಬರುತ್ತಿತ್ತು. ಹೊಸ ಸಾಹೇಬರು ಬಂದಿದ್ದರು.

ತಪ್ಪು ಅವರದಲ್ಲ. 2025ರ ಮೊದಲಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಫಡ್ನವೀಸ್ ಕಚೇರಿಗಳಿಗೆಲ್ಲ 100 ದಿನದ ಕಾರ್ಯಕ್ರಮ ಕೊಟ್ಟಿದ್ದರು. ವೆಬ್‌ಸೈಟು, ಸ್ವಚ್ಛತೆ, ದೂರು ವಿಲೇವಾರಿ ಹೀಗೆ ಏಳು ಅಂಶ, ಅದಕ್ಕೆ ಮಾರ್ಕು. ಮಾರ್ಕು ಅಂದಮೇಲೆ ಯಾವ ಹುಡುಗನೂ ಸುಲಭದ ಪ್ರಶ್ನೆಯಿಂದಲೇ ಶುರು ಮಾಡೋದು ಅಲ್ವಾ? ಗೋಡೆಗೆ ಬಣ್ಣ ಬಳಿಯೋದು ಸುಲಭ.

ಒಳಗೆ ಮೂರು ಮುಖದ ಯಂತ್ರ ಒಂದು ನಿಂತಿತ್ತು. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ. ಕೆಲಸ ಆದಮೇಲೆ ಒಂದನ್ನು ಒತ್ತಬೇಕು. ನಾನು ಕೆಲಸಕ್ಕೆ ಮೊದಲೇ ಅಳುವುದನ್ನು ಒತ್ತಿ ನೋಡಿದೆ. ಏನೂ ಆಗಲಿಲ್ಲ. ಪ್ಲಗ್ ಕಿತ್ತು, ಅದೇ ಪಾಯಿಂಟಿಗೆ ಚಹಾದ ಕೆಟಲ್ ಹಾಕಿದ್ದರು. ಕೆಟಲ್ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ನನಗೆ ಬೇಕಿದ್ದದ್ದು ಉತ್ಪನ್ನದ ದಾಖಲೆ. ಅಂದರೆ ವರ್ಷಕ್ಕೆ ಎಷ್ಟು ದುಡಿಯುತ್ತೇನೆ ಅಂತ ಸರ್ಕಾರ ಬರೆದುಕೊಡುವ ಚೀಟಿ. ಮಗಳ ಫೀಸು ಮಾಫಿಗೆ ಕೇಳಿದ್ದರು. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಕನ್ನಡದವರು ನಾಲ್ವರು ಸೇರಿದರೆ ಊಟದ ಮಾತು ಮುಗಿದ ಮೇಲೆ ದಾಖಲೆಯ ಮಾತೇ. ಆ ಲೆಕ್ಕದಲ್ಲಿ ನಾನು ತಯಾರಾಗಿಯೇ ಹೋಗಿದ್ದೆ.

ಬೋರ್ಡು ಹುಡುಕಿದೆ. 2015ರ ಲೋಕಸೇವಾ ಹಕ್ಕು ಕಾಯ್ದೆ ಪ್ರಕಾರ ಯಾವ ಸೇವೆಗೆ ಎಷ್ಟು ದಿನ, ಯಾರ ಜವಾಬ್ದಾರಿ, ಯಾರಿಗೆ ಮೇಲ್ಮನವಿ ಎಲ್ಲ ಜನರಿಗೆ ಕಾಣುವಂತೆ ಬರೆದು ಹಾಕಬೇಕು. ಹಾಕಿದ್ದರು. ಅದರ ಮುಂದೆ ಗೋದ್ರೆಜ್ ಕಪಾಟು ಇಟ್ಟಿದ್ದರು, ಅಷ್ಟೇ. ಕತ್ತು ಓರೆ ಮಾಡಿದರೆ '15 ದಿನ' ಎಂಬುದು ಕಾಣಿಸಿತು. ತಡವಾದರೆ ಅಧಿಕಾರಿಗೆ 500ರಿಂದ 5,000 ರೂಪಾಯಿ ದಂಡ ಎಂಬ ಸಾಲು ಕಪಾಟಿನ ಹಿಂದೆ ಸುಖವಾಗಿತ್ತು.

ಹದಿನೈದು ದಿನ ಯಾವತ್ತಿನಿಂದ ಎಂಬುದರಲ್ಲೇ ಇರೋದು ಮಜಾ. ನೀವು ಕೊಟ್ಟ ದಿನದಿಂದಲ್ಲ. ಅರ್ಜಿ 'ಪೂರ್ಣ' ಎಂದು ಅವರಿಗೆ ಅನಿಸಿದ ದಿನದಿಂದ. ಹದಿಮೂರನೇ ದಿನ 'ತ್ರುಟಿ', ಅಂದರೆ ಏನೋ ಕೊರತೆ ಇದೆ, ಎಂದು ವಾಪಸ್ ಕಳಿಸಿದರೆ ಲೆಕ್ಕ ಮತ್ತೆ ಸೊನ್ನೆ. ನೀವು ಎರಡು ತಿಂಗಳು ಓಡಾಡಿರುತ್ತೀರಿ, ಸಾಹೇಬರ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲ ಹಸಿರು. ಊರಲ್ಲಿ ದೆವ್ವ ಬರಬಾರದೆಂದು ಬಾಗಿಲಿಗೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ಇಲ್ಲಿ 'ಉದ್ಯಾ ಯಾ' ಎಂದು ಬಾಯಲ್ಲೇ ಹೇಳ್ತಾರೆ. ದೆವ್ವ ಓದಿಕೊಂಡು ಹೋಗುತ್ತಿತ್ತಂತೆ, ನಾವು ಮಾತ್ರ ಮರುದಿನ ಹೋಗುತ್ತೇವೆ. ಕರ್ನಾಟಕದವರು 2012ರಲ್ಲಿ ಇಂಥದ್ದೇ ಸಕಾಲ ಯೋಜನೆ ತಂದಾಗ ಘೋಷಣೆಯೇ 'ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ' ಅಂತಿತ್ತು. ಅಲ್ಲಿನ ನನ್ನ ಭಾವನಿಗೆ ಇದನ್ನು ಹೇಳಿದೆ. ಐದು ನಿಮಿಷ ನಕ್ಕ.

ಅಫಿಡವಿಟ್ಟಿನದು ಇನ್ನೊಂದು ಕತೆ. 2024ರ ಅಕ್ಟೋಬರ್‌ನಲ್ಲಿ 100 ರೂಪಾಯಿ ಬಾಂಡ್ ಪೇಪರ್ 500 ಆಯ್ತು. ಮುಂದಿನ ಮಾರ್ಚಿನಲ್ಲಿ ಕಂದಾಯ ಮಂತ್ರಿ ಬಾವನಕುಳೆ, ಇಂಥ ದಾಖಲೆಗಳಿಗೆ ಅದು ಬೇಡವೇ ಬೇಡ ಎಂದರು. ಸುದ್ದಿ ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು, ಗೇಟಿನ ಹೊರಗೆ ಕೂತ ಟೈಪಿಸ್ಟನವರೆಗೆ ಮಾತ್ರ ಬರಲಿಲ್ಲ. 'ಕಾಕಾ, ಇದ್ದರೆ ಒಳ್ಳೇದು' ಎಂದ. ಇದ್ದರೆ ಒಳ್ಳೇದು ಯಾರಿಗೆ ಅಂತ ನಾನೂ ಕೇಳಲಿಲ್ಲ.

ಕೌಂಟರಿನ ಹುಡುಗ ಮರ್ಯಾದಸ್ಥ. 'ಬಸಾ ಕಾಕಾ' ಎಂದು ಕುರ್ಚಿ ಕೊಟ್ಟ. ಫಾರಂನಲ್ಲಿ ಮೂರು ಖಾನೆ: ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಈಗ 2024ರ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಅಮ್ಮನ ಹೆಸರೂ ಸೇರಿದೆ, ಒಳ್ಳೆಯದೇ. ಊರಿನ ಹೆಸರಿಗೆ ಖಾನೆ ಮಾತ್ರ ಈ ರಾಜ್ಯದಲ್ಲಿ ಯಾವತ್ತೂ ಇಲ್ಲ. ನನ್ನ ಹೆಸರಿನ ಮುಂದೆ 'ಕೆ' ಇದೆ.

'ಕೆ ಮ್ಹಣ್‌ಜೇ?'

'ಕೋಟೇಶ್ವರ.'

ಅದು ಕುಂದಾಪುರದ ಹತ್ತಿರದ ಊರು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಟೈಪ್ ಮಾಡಿ ಮುಂದೆ ಹೋಗಿದ್ದ.

ದಾಖಲೆ ಹದಿನಾಲ್ಕನೇ ದಿನ ಬಂತು! ಸೇವೆ ಪೂರ್ಣವಾಗಿದೆ ಅಂತ ಎಸ್ಸೆಮ್ಮೆಸ್ಸೂ ಬಂತು. ತೆರೆದು ನೋಡಿದರೆ ಅಪ್ಪನ ಹೆಸರಿದ್ದಲ್ಲಿ ಕೋಟೇಶ್ವರ. ಹೆಂಡತಿ ಓದಿ, 'ಊರ ದೇವರೇ ಮಾವ ಆದರೆ ನಾನು ಇನ್ನು ಯಾರಿಗೆ ಹರಕೆ ಹೇಳಲಿ?' ಎಂದಳು. ಕಾಲೇಜಿನವರು ನಗಲಿಲ್ಲ. ಪ್ಯಾನ್ ಕಾರ್ಡಿನಲ್ಲಿ ಒಬ್ಬ ಅಪ್ಪ, ಇದರಲ್ಲಿ ಇನ್ನೊಬ್ಬ, ಸರಿಮಾಡಿಸಿ ತನ್ನಿ ಎಂದರು.

ಮತ್ತೆ ಹೋದೆ. ಸಾಹೇಬರ ಬಾಗಿಲಲ್ಲಿ ಹೆಸರಿನ ಫಲಕ ಇರಲಿಲ್ಲ, ಸ್ಕ್ರೂ ಹಾಕಿದ್ದ ನಾಲ್ಕು ತೂತು ಮಾತ್ರ ಇದ್ದವು. ವರ್ಗ ಆಗಿತ್ತು. ಸಾಮಾನ್ಯವಾಗಿ ಮೂರು ವರ್ಷ ಒಂದು ಕಡೆ ಇರಲಿ ಅಂತ 2005ರ ಕಾಯ್ದೆ ಹೇಳುತ್ತದೆ. ಅದೇ ವರ್ಷ ಐಎಎಸ್ ಸೇರಿದ ತುಕಾರಾಮ್ ಮುಂಢೆಯವರಿಗೆ 20ಕ್ಕೂ ಜಾಸ್ತಿ ಸಲ ವರ್ಗ ಆಗಿದೆ. ಅರ್ಜಿ ಹಾಕದೆ, ಝೆರಾಕ್ಸ್ ಕೊಡದೆ, ಇಷ್ಟು ಬೇಗ ಸಿಗುವ ಸರ್ಕಾರಿ ಸೇವೆ ಇದೊಂದೇ ಇರಬೇಕು.

ಕೌಂಟರಿನ ಹುಡುಗ ಮಾತ್ರ ಅಲ್ಲೇ ಇದ್ದ. ತಿದ್ದುಪಡಿಗೆ ಹೊಸ ಅರ್ಜಿ, ಹೊಸ ಹದಿನೈದು ದಿನ ಎಂದ. ಮೊದಲಿನದು ವೇಳೆಗೆ ಸರಿಯಾಗಿ ಕೊಟ್ಟಾಗಿದೆಯಲ್ಲ, ಅದು ಹಸಿರಾಗೇ ಇರುತ್ತದೆ.

'ವಡೀಲ್ ಇದ್ದಾರಾ?'

'ಇಲ್ಲಪ್ಪ. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು.'

'ಮೃತ್ಯು ದಾಖಲಾ ಬೇಕು.'

ಇದನ್ನು ಮೊದಲೇ ಊಹಿಸಿದ್ದೆ. ಪ್ಲಾಸ್ಟಿಕ್ ಕವರಿನಿಂದ ತೆಗೆದು ಮುಂದಿಟ್ಟೆ. ಅವನು ಅದನ್ನು ಓದಿದ. ಸ್ಕ್ರೀನ್ ನೋಡಿದ. ಮತ್ತೆ ಓದಿದ. ಆಮೇಲೆ ಬಹಳ ಗೌರವದಿಂದಲೇ ವಾಪಸ್ ಕೊಟ್ಟ.

'ಕಾಕಾ, ಇದು ಬೇರೆ ಯಾರದ್ದೋ ಇದೆ. ಕೋಟೇಶ್ವರ ಅವರದ್ದು ತನ್ನಿ.'