ಸ್ಪಷ್ಟನೆ: ಟ್ಯಾರೋ ಚರ್ಚಿನ ಪದ್ಧತಿ ಅಲ್ಲ

"ಟ್ಯಾರೋ ಕಾರ್ಡ್‌ನಲ್ಲಿ ಪೋಪ್ ಚಿತ್ರವೇ ಇದೆ, ಅದು ಹಳೆಯ ಚರ್ಚಿನ ಪದ್ಧತಿ, ಕ್ರೈಸ್ತರು ಭವಿಷ್ಯ ಕೇಳಿದರೆ ತಪ್ಪಿಲ್ಲ" ಅನ್ನೋ ಮೆಸೇಜ್ ಬೆಳಗಾವಿಯ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಪೋಪ್ ಚಿತ್ರ ಇರುವುದು ನಿಜ. ಆದರೆ ಟ್ಯಾರೋ 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದ ಇಸ್ಪೀಟಿನಂಥ ಆಟ. ಅದರಲ್ಲಿ ಭವಿಷ್ಯ ಹೇಳುವುದು ಜೋರಾಗಿದ್ದು 18ನೇ ಶತಮಾನದ ಫ್ರಾನ್ಸ್‌ನಲ್ಲಿ.

ಬೈಬಲಿನ ಧರ್ಮೋಪದೇಶಕಾಂಡ 18:10–12 ಕಣಿ ಹೇಳುವುದು, ಶಕುನ ನೋಡುವುದು ಎರಡೂ ಬೇಡ ಅನ್ನುತ್ತದೆ. ನನಗೆ ಜಾಸ್ತಿ ತಟ್ಟುವುದು ಅಪೊಸ್ತಲರ ಕೃತ್ಯಗಳು 16. ಫಿಲಿಪ್ಪಿಯಲ್ಲಿ ಒಬ್ಬ ದಾಸಿ ಕಣಿ ಹೇಳುತ್ತಿದ್ದಳು. ದುಡ್ಡೆಲ್ಲ ಅವಳ ಯಜಮಾನರಿಗೆ. ಅಪೊಸ್ತಲ ಪೌಲರು ಅವಳನ್ನು ಕಣಿ ಹೇಳಿಸುತ್ತಿದ್ದ ದುರಾತ್ಮದಿಂದ ಬಿಡಿಸಿದರು. ಗಳಿಕೆ ಹೋಯಿತೆಂದು ಯಜಮಾನರು ಪೌಲರನ್ನೂ ಅವರ ಜೊತೆಗಾರ ಸೀಲರನ್ನೂ ಹಿಡಿದೆಳೆದರು. ಇಬ್ಬರಿಗೂ ಏಟು, ಸೆರೆಮನೆ.

ಯೇಸುವಿನ ಶಿಷ್ಯರು ಯೂದನ ಜಾಗಕ್ಕೆ ಮತ್ತೀಯನನ್ನು ಚೀಟಿ ಹಾಕಿ ಆರಿಸಿದರಲ್ವಾ ಅಂತ ಕೆಲವರು ಕೇಳುತ್ತಾರೆ. ಹೌದು. ಆದರೆ ಆ ಶಿಷ್ಯರು ಮೊದಲು ಪ್ರಾರ್ಥಿಸಿ ಆಯ್ಕೆಯನ್ನು ದೇವರಿಗೆ ಬಿಟ್ಟರು. ನಾಳೆ ಏನಾಗುತ್ತೆ ಅಂತ ಕೇಳಲಿಲ್ಲ.

ಮೆಸೇಜ್ ಕಳಿಸಿದ ನಮ್ಮ ಓಣಿಯ ಅಕ್ಕನಿಗೆ ಯಾರೂ ಬಯ್ಯಬೇಡಿ. ಮಗಳ ಮದುವೆ ಚಿಂತೆಯಲ್ಲಿ ಅವರು ಕಾರ್ಡ್ ನೋಡಿಸಿದ್ದರು. ಭಾನುವಾರ ಪೂಜೆ ಮುಗಿದ ಮೇಲೆ ನಾನೇ ಅವರ ಮನೆಗೆ ಹೋಗುತ್ತೇನೆ.