ಅಟ್ಟದಿಂದ ಇಳಿದ ಚಂದಮಾಮವನ್ನು ಒಂದೇ ಭಾನುವಾರದಲ್ಲಿ ಮುಗಿಸಬೇಡಿ

ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯ ಹಳೇ ಮನೆಗಳ ಅಟ್ಟದಲ್ಲಿ ಈಗಲೂ ಮಕ್ಕಳ ಮಾಸಪತ್ರಿಕೆ ಚಂದಮಾಮದ ಕಟ್ಟುಗಳು ಸಿಗುತ್ತವೆ. ಮನೆ ಕೆಡವಿ ಕಟ್ಟಿಸುವಾಗಲೋ, ಹಬ್ಬಕ್ಕೆ ಸುಣ್ಣ ಬಳಿಸುವಾಗಲೋ ಕೆಳಗಿಳಿಯುತ್ತವೆ. ಇಳಿಸಿದವರು ಆಸೆಯಿಂದ ಕೂತು ಒಂದೇ ದಿನದಲ್ಲಿ ಒಂದು ಮಾಂತ್ರಿಕ ಧಾರಾವಾಹಿಯನ್ನು ಪೂರ್ತಿ ಓದುತ್ತಾರೆ. ಸಂಜೆ ಹೊತ್ತಿಗೆ "ಅಯ್ಯೋ, ಇದಕ್ಕಾ ನಾವು ಚಿಕ್ಕವರಾಗಿದ್ದಾಗ ಅಷ್ಟು ಕಾಯ್ತಿದ್ದದ್ದು?" ಅಂತ ಪುಸ್ತಕ ಬದಿಗಿಡುತ್ತಾರೆ. ಕಥೆಯ ರುಚಿ ಕೆಟ್ಟಿಲ್ಲ ಸ್ವಾಮಿ, ಓದಿದ ವೇಗ ಅದನ್ನು ಕೆಡಿಸಿದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆ ಧಾರಾವಾಹಿಗಳ ಕಟ್ಟಡವೇ ಬೇರೆ. ತಿಂಗಳಿಗೆ ಏಳೆಂಟು ಪುಟ, ಅದರಲ್ಲೂ ಅರ್ಧ ಜಾಗ ಚಿತ್ರಕ್ಕೆ. ಮೊದಲು ಹಿಂದಿನ ಕಂತಿನ ಸಾರಾಂಶ, ಆಮೇಲೆ ಹೋದ ತಿಂಗಳ ಅಪಾಯದಿಂದ ಪಾರಾಗುವುದು, ನಡುವೆ ಕಾಡಿನಲ್ಲಿ ಒಂದಿಷ್ಟು ದಾರಿ, ಕೊನೆಯ ನಾಲ್ಕು ಸಾಲಿನಲ್ಲಿ ಹೊಸ ಅಪಾಯ. ನಾಯಕ ಕಂದಕಕ್ಕೆ ಬಿದ್ದದ್ದು ಮೂವತ್ತು ದಿನ ಕಂದಕದಲ್ಲೇ ಇರಲಿ ಅಂತ ಬರೆದದ್ದು ಅದು. ನೀವು ಪುಟ ತಿರುವಿ ಅರ್ಧ ನಿಮಿಷದಲ್ಲಿ ಅವನನ್ನು ಮೇಲೆತ್ತಿದರೆ ಕಂದಕಕ್ಕೆ ಆಳವೇ ಉಳಿಯುವುದಿಲ್ಲ. ಹೀಗೆ ಹನ್ನೆರಡು ಸಲ ಆದರೆ ಯಾರಿಗಾದರೂ ಬೇಜಾರು. ದಿನಕ್ಕೆ ಒಂದು ಕಂತು ಮೀರಬೇಡಿ. ವಾರಕ್ಕೊಂದು ಆದರೆ ಇನ್ನೂ ಒಳ್ಳೇದು, ಆಗ ಸಾರಾಂಶವನ್ನೂ ಹಾರಿಸದೆ ಓದುತ್ತೀರಿ.

ಓದಲು ಶುರು ಮಾಡುವ ಮೊದಲು ಸಂಚಿಕೆಗಳನ್ನು ಜೋಡಿಸಿಕೊಳ್ಳಿ. ಹಳೇ ಕಟ್ಟುಗಳಲ್ಲಿ ಹೊದಿಕೆ ಹರಿದಿರುತ್ತದೆ, ತಿಂಗಳು ವರ್ಷ ಗೊತ್ತಾಗುವುದಿಲ್ಲ. ಆಗ ಸಾರಾಂಶವೇ ದಾರಿ ತೋರಿಸುತ್ತದೆ: ಒಂದು ಸಂಚಿಕೆಯ ಕೊನೆಯ ಪ್ಯಾರಾ, ಇನ್ನೊಂದರ ಮೊದಲ ಪ್ಯಾರಾ ಪಕ್ಕಪಕ್ಕ ಇಟ್ಟು ನೋಡಿ, ಹೊಂದಿದರೆ ಅದೇ ಮುಂದಿನ ಕಂತು. ಒಂದು ಎಚ್ಚರಿಕೆ ಇದೆ. ಜನಪ್ರಿಯ ಧಾರಾವಾಹಿಗಳನ್ನು ಹಲವು ವರ್ಷ ಬಿಟ್ಟು ಮತ್ತೆ ಅಚ್ಚು ಹಾಕಿದ್ದರು. ಒಂದೇ ಮನೆಯಲ್ಲಿ ಅಪ್ಪನ ಕಾಲದ್ದೂ ಮಗಳ ಕಾಲದ್ದೂ ಬೆರೆತಿದ್ದರೆ ಕಂತು ಎಲ್ಲಿ ನಿಲ್ಲುತ್ತದೆ ಅನ್ನೋದು ಏರುಪೇರಾಗಬಹುದು. ಕಾಗದದ ಬಣ್ಣ, ಪುಟ ಹಿಡಿದಿರುವ ಮೊಳೆಯ (ಸ್ಟೇಪಲ್ ಪಿನ್) ಜಾಗ ನೋಡಿ ಮೊದಲು ಎರಡು ರಾಶಿ ಮಾಡಿಕೊಳ್ಳಿ.

ದೊಡ್ಡವರಾದ ಮೇಲೆ ಓದುವುದರಲ್ಲಿ ಸಿಗುವ ನಿಜವಾದ ಲಾಭ ಅಂದರೆ ಕಥೆಯ ಬೇರು ಕಾಣುವುದು. 1947ರಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಶುರು ಮಾಡಿದ, ಮರುವರ್ಷ ಕನ್ನಡಕ್ಕೂ ಬಂದ ಈ ಪತ್ರಿಕೆಗೆ 1954ರಿಂದ ಸಾಲುಸಾಲಾಗಿ ಮಾಂತ್ರಿಕ ಧಾರಾವಾಹಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ಕಥೆಯ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. ಇಷ್ಟು ಮಕ್ಕಳ ನಿದ್ದೆ ಕೆಡಿಸಿದ ಮನುಷ್ಯನ ಹೆಸರು ಅವರ ಓದುಗರಿಗೇ ಗೊತ್ತಿಲ್ಲ ಅನ್ನೋದು ನನಗೆ ಈಗಲೂ ಸಂಕಟ. ಬೆಸ್ತರ ಹುಡುಗ ಪಿಂಗಳ, ಮಾಂತ್ರಿಕ ಪದ್ಮಪಾದ ಇಬ್ಬರೂ ಬರುವ ಮೂವರು ಮಾಂತ್ರಿಕರ ಕಥೆಯನ್ನೇ ತೆಗೆದುಕೊಳ್ಳಿ. ಅದರ ಮೂಲ ಅರೇಬಿಯನ್ ನೈಟ್ಸ್‌ನ ಜುದರ್ ಕಥೆ. ಒಬ್ಬರಾದ ಮೇಲೆ ಒಬ್ಬರಂತೆ ಮೂವರು ಅಪರಿಚಿತರು ಬೆಸ್ತರ ಹುಡುಗನ ಬಳಿ ಬರುತ್ತಾರೆ. ಪ್ರತಿಯೊಬ್ಬನೂ ತನ್ನ ಕೈ ಕಟ್ಟಿ ಕೆರೆಗೆ ನೂಕು ಅನ್ನುತ್ತಾನೆ. ನೀರಿನ ಮೇಲೆ ಕೈ ಕಂಡರೆ ಬಲೆ ಬೀಸಿ ಎಳೆದುಕೋ, ಕಾಲು ಕಂಡರೆ ನಾನು ಸತ್ತೆ ಅಂತ ತಿಳಿ ಅನ್ನುತ್ತಾನೆ. ಮೊದಲನೆಯವನ ಕಾಲು ಕಾಣುತ್ತದೆ, ಎರಡನೆಯವನ ಕಾಲೂ ಕಾಣುತ್ತದೆ, ಮೂರನೆಯವನ ಕೈ ಏಳುತ್ತದೆ. ದೂರದ ಆ ಕಥೆಯನ್ನು ನಮ್ಮ ಕೆರೆ ದಂಡೆಯ ಮಗುವಿಗೆ ತನ್ನದೇ ಅನ್ನಿಸುವ ಹಾಗೆ ಕೂರಿಸಿದ್ದಾರಲ್ಲ, ಆ ಕಸುಬನ್ನು ಮೆಚ್ಚಲು ದೊಡ್ಡವರ ಕಣ್ಣೇ ಬೇಕು.

ಬೇತಾಳ ಕಥೆಯದ್ದು ಇನ್ನೂ ಸೊಗಸು. ಛಲ ಬಿಡದ ತ್ರಿವಿಕ್ರಮ ಅಂತ ನಾವು ಮಾತಿಗೆ ಬಳಸುತ್ತೇವಲ್ಲ, ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಅಲ್ಲಿ ಕಥೆ ಇರುವುದು ಇಪ್ಪತ್ತೈದರ ಎಣಿಕೆಯಲ್ಲಿ. ಕೊನೆಯ ಒಗಟಿನಲ್ಲಿ ಅಪ್ಪ ಮಗ ಇಬ್ಬರು ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತು ನೋಡುತ್ತಾರೆ. ದೊಡ್ಡ ಹೆಜ್ಜೆಯವಳು ಅಪ್ಪನಿಗೆ, ಚಿಕ್ಕ ಹೆಜ್ಜೆಯವಳು ಮಗನಿಗೆ ಅಂತ ಮಾತಾಗುತ್ತದೆ. ನೋಡಿದರೆ ದೊಡ್ಡ ಹೆಜ್ಜೆ ಮಗಳದ್ದು, ಚಿಕ್ಕದು ತಾಯಿಯದ್ದು! ಅವರಿಗೆ ಹುಟ್ಟುವ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ, ಅವನು ಬಾಯಿಬಿಟ್ಟಾಗಲೆಲ್ಲ ಹೆಣ ಮರಕ್ಕೆ ಮರಳುವ ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಚಂದಮಾಮದವರು ಆ ಮೌನವನ್ನು ಬರಗೊಡಲೇ ಇಲ್ಲ. ಮೂಲದ ಕಥೆ ಮುಗಿದ ಮೇಲೂ ಹೊಸ ಹೊಸ ಒಗಟು ಹೊಸೆದು ದಶಕಗಟ್ಟಲೆ ಹೆಣವನ್ನು ಮರಕ್ಕೆ ವಾಪಸು ಕಳಿಸಿದರು. ಮಕ್ಕಳಿಗೆ ಓದಿ ಹೇಳುವಾಗ ಬೇತಾಳ ಪ್ರಶ್ನೆ ಕೇಳಿದ ಕಡೆ ನಿಲ್ಲಿಸಿ, ಕೆಳಗಿನ ಸಾಲಿನ ಮೇಲೆ ಕೈ ಇಡಿ. ರಾಜನ ಉತ್ತರ ಎಷ್ಟೋ ಸಲ ಧರ್ಮಶಾಸ್ತ್ರದ ಉತ್ತರ, ಅದನ್ನು ಮಕ್ಕಳು ಒಪ್ಪಬೇಕು ಅಂತೇನೂ ಇಲ್ಲ. ಮಕ್ಕಳ ಉತ್ತರ ಬೇರೆ ಬಂದರೆ ಅಲ್ಲೇ ಜಗಳ ಆಡಲಿ ಬಿಡಿ.

ಚಿತ್ರ ನೋಡುವುದಕ್ಕೂ ಹೊತ್ತು ಕೊಡಿ. ದೊಡ್ಡವರು ಅಕ್ಷರದ ಹಿಂದೆ ಓಡಿ ಚಿತ್ರ ದಾಟಿಬಿಡುತ್ತಾರೆ. ಧಾರಾವಾಹಿಗಳಿಗೆ ಚಿತ್ರ ಬರೆದವರು ಹೆಚ್ಚಾಗಿ 'ಚಿತ್ರ' ಅಂತಲೇ ಸಹಿ ಹಾಕುತ್ತಿದ್ದ ಕಲಾವಿದರು. ಬೇತಾಳ ಕಥೆಗೆ ಚಿತ್ರ ಬರೆದವರು ಶಂಕರ್, ಅವರು 2020ರಲ್ಲಿ ತೀರಿಕೊಂಡರು. ಹಿರಿದ ಕತ್ತಿ, ಹೆಗಲ ಮೇಲೆ ಹೆಣ ಹೊತ್ತ ಆ ರಾಜನ ನಡಿಗೆಯನ್ನು ಒಮ್ಮೆ ನಿಧಾನವಾಗಿ ನೋಡಿ.

ಬೇಸರದ ವಿಷಯವನ್ನೂ ಹೇಳಲೇಬೇಕು. ಕಾಡಿನ ಜನ ಅಂದರೆ ಗರಿ, ಎಲುಬು ತೊಟ್ಟು ನರಬಲಿ ಕೊಡುವವರು ಅನ್ನುವ ಚಿತ್ರಣ ಮತ್ತೆ ಮತ್ತೆ ಬರುತ್ತದೆ. ರಾಜಕುಮಾರಿಯರಿಗೆ ಸೆರೆಯಲ್ಲಿ ಕೂರುವುದು ಬಿಟ್ಟರೆ ಕೆಲಸ ಕಡಿಮೆ. ಇದನ್ನು ಆ ಕಾಲ ಹಾಗಿತ್ತು ಅಂತ ತೇಲಿಸಬಾರದು. ಮಕ್ಕಳ ಮುಂದೆ ಓದುವಾಗ ಆ ಪುಟದಲ್ಲೇ ಹೇಳಿಬಿಡಿ.

ಇನ್ನು ಪುಸ್ತಕದ ಆರೋಗ್ಯ. ಮೊದಲ ಕೆಲಸ ತುಕ್ಕು ಹಿಡಿದ ಮೊಳೆ ತೆಗೆಯುವುದು. ಎಳೆದು ಕೀಳಬೇಡಿ, ಹಿಂದೆ ಮಡಿಸಿದ ಕಾಲುಗಳನ್ನು ತೆಳು ಚಾಕುವಿನಿಂದ ನೆಟ್ಟಗೆ ಮಾಡಿ ಮುಂದಿನಿಂದ ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ, ಕೆಲವೇ ವರ್ಷಕ್ಕೆ ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಬೈಂಡ್ ಮಾಡಿಸುವುದಾದರೆ ಮೂರು ಮಾತು ಮುಂಚೆಯೇ ಹೇಳಿ. ಹೊದಿಕೆ, ಜಾಹೀರಾತು ಪುಟ ಕೀಳಬೇಡಿ, ತಿಂಗಳು ತಿಳಿಯುವುದು ಅದರಿಂದಲೇ. ಅಂಚು ಕತ್ತರಿಸುವ ಯಂತ್ರಕ್ಕೆ ಕೊಡಬೇಡಿ, ಅಂಚಿನವರೆಗೂ ಚಿತ್ರ ಇರುತ್ತದೆ. ಪಕ್ಕದಿಂದ ಚುಚ್ಚಿ ಹೊಲಿಯದೆ ನಡು ಮಡಿಕೆಯಲ್ಲಿ ಹೊಲಿಯಿರಿ, ಇಲ್ಲದಿದ್ದರೆ ಒಳಗಿನ ಕಾಲಂ ಹೊಲಿಗೆಯಲ್ಲಿ ಮುಚ್ಚಿಹೋಗುತ್ತದೆ. ಬರೀ ಮೈದಾ ಅಂಟು ಹುಳಕ್ಕೆ ಊಟ ಇಟ್ಟ ಹಾಗೆ, ಹಳೇ ಬೈಂಡರ್‌ಗಳು ಅದಕ್ಕೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಸೇರಿಸುತ್ತಾರೆ. ಅದು ವಿಷ, ಮಕ್ಕಳ ಕೈಗೆ ಸಿಗದಿರಲಿ. ಬೇವಿನ ಎಲೆ ಇಡುವುದಾದರೆ ಪೂರ್ತಿ ಒಣಗಿದ್ದೇ ಆಗಬೇಕು, ಹಸಿ ಎಲೆಯ ತೇವಕ್ಕೆ ಬೂಸ್ಟು ಬರುತ್ತದೆ.

ಕಾಗದದ ಪ್ರತಿ ಇಲ್ಲದೆ ಸ್ಕ್ಯಾನ್ ಓದುವವರು ಮೊಬೈಲ್ ಬಿಟ್ಟು ದೊಡ್ಡ ಪರದೆ ಹಿಡಿಯಿರಿ. ಅಕ್ಷರ ಹಿಗ್ಗಿಸಿದರೆ ಪಕ್ಕದ ಚಿತ್ರ ತಪ್ಪಿಹೋಗುತ್ತದೆ.

ಮಧ್ಯದ ಒಂದು ಕಂತು ಕಳೆದುಹೋಗಿದ್ದರೆ ನಮ್ಮ ಗಡಿ ಸೀಮೆಯವರಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲ ಇದೆ. ಬಾಗೇಪಲ್ಲಿ, ಗೌರಿಬಿದನೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳಿಗೆ ಕನ್ನಡದ್ದೂ ತೆಲುಗಿನದ್ದೂ ಎರಡೂ ಬರುತ್ತಿದ್ದವು. ಚಿತ್ರಗಳು ಎರಡರಲ್ಲೂ ಅವೇ. ತಿಂಗಳ ಹೆಸರು ನಂಬಬೇಡಿ, ಚಿತ್ರ ನೋಡಿ ಹೊಂದಿಸಿ. ಸಿಕ್ಕಿದ ತೆಲುಗು ಕಂತನ್ನು ಓದಲು ಬರುವ ಅಜ್ಜಿಯೋ ಚಿಕ್ಕಪ್ಪನೋ ಗಟ್ಟಿಯಾಗಿ ಓದಲಿ, ಅರ್ಥವಾದದ್ದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಆ ಜಾಗದಲ್ಲೇ ಸೇರಿಸಿ ಹೊಲಿಸಿ.