ಹಳೇ ಮೋಟರ್ ಬಿಸಾಡ್ಬೇಡಿ ಸರ್

ಹಳೇ ಎಲೆಕ್ಟ್ರಿಕ್ ಬೈಕ್ ರೆಡಿ ಮಾಡೋದ್ರ ಬಗ್ಗೆ ಚೆನ್ನಾಗಿ ಬರ್ದಿದೀರ, ಆದ್ರೆ ಬ್ರಷ್ ಮೋಟರ್ ತೆಗ್ದು ಚಕ್ರದೊಳಗೇ ಕೂರೋ ಹೊಸ ಹಬ್ ಮೋಟರ್ ಹಾಕ್ಬಿಡಿ ಅಂದಿದ್ದು ನಂಗೆ ಒಪ್ಗೆ ಆಗ್ಲಿಲ್ಲ. ಮೋಟರೊಳಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ಬ್ರಷ್ ಸವೆದಿದ್ರೆ ಬದಲಾಯ್ಸಿ, ಕಮ್ಯುಟೇಟರ್ (ಆ ಬ್ರಷ್ ತಾಗೋ ತಾಮ್ರದ ಉರುಳೆ) ಮೇಲಿನ ಕಪ್ಪು ಮಸಿ ನುಣುಪಾದ ಸ್ಯಾಂಡ್‌ಪೇಪರಲ್ಲಿ ಉಜ್ಜಿ ತೆಗೀರಿ (ಎಮರಿ ಪೇಪರ್ ಬೇಡ), ಬೇರಿಂಗ್ ಹೊಸ್ದು ಹಾಕಿ, ಎಷ್ಟೋ ಸಲ ಅಷ್ಟಕ್ಕೇ ಓಡತ್ತೆ, ಆ ಮೋಟರಿನ ಸದ್ದೇ ಆ ಗಾಡಿ ಗುರುತು ಅಲ್ವಾ. ಬ್ಯಾಟ್ರಿ ಬದಲಾಯ್ಸೋದು ಸರಿ, ಆದ್ರೆ 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ತೆಗ್ದು ಲಿಥಿಯಂ ಐರನ್ ಫಾಸ್ಫೇಟ್ ಹಾಕೋರು ಬಿಎಂಎಸ್ (ಬ್ಯಾಟ್ರಿ ಕಾಯೋ ಸರ್ಕ್ಯೂಟ್) ಜೊತೆ ಚಾರ್ಜರ್ರೂ ಅದಕ್ಕೆ ಸರಿಹೊಂದೋದೇ ತಗೋಬೇಕು, 16 ಸೆಲ್ಲಿನ ಪ್ಯಾಕ್ ಫುಲ್ ಆದಾಗ 58.4 ವೋಲ್ಟ್ ಇರತ್ತೆ, ಮೋಟರಿಗೆ ಕರೆಂಟ್ ಹದವಾಗಿ ಬಿಡೋ ಹಳೇ ಕಂಟ್ರೋಲರ್ ಅಷ್ಟನ್ನ ತಡ್ಕೊಳತ್ತಾ ಮೊದ್ಲೇ ನೋಡ್ಕೊಳ್ಳಿ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕನೆಕ್ಟರ್ ಎಲ್ಲ ಹಸ್ರು ಕಿಲುಬು ಹಿಡಿಯತ್ತೆ, ಜಾಯಿಂಟಿಗೆಲ್ಲ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ) ಹಾಕೋದು ಮರೀಬೇಡಿ.